ವಾಸನೆಗೆ ಸಿಗದ ಉಪ್ಪು

ನಮ್ಮ ಬಂಧುಬಳಗದಲ್ಲಿ ಈಗ ಚಾಲ್ತಿಯಲ್ಲಿರುವ ವೃತ್ತಾಂತದ ಪ್ರಕಾರ, ಮದುವೆಯಾದ ಹೊಸತರಲ್ಲಿ ನಾನು ಶೀತ ಬಿಡಿಸಿಕೊಳ್ಳಲು ಸಾಂಬಾರಿನ ಆವಿ ತೆಗೆದುಕೊಳ್ಳುತ್ತಿದ್ದೆ. ಇದನ್ನು ಹೇಳಿ ನಗುವವರಲ್ಲಿ ಹೆಚ್ಚಿನವರು ನಮ್ಮ ಅಡಿಗೆಮನೆಯ ಬಾಗಿಲನ್ನೂ ಕಂಡವರಲ್ಲ. ಕಣ್ಣಾರೆ ಕಂಡವರು ಒಬ್ಬರೇ, ನೆರೆಮನೆಯ ಅಕ್ಕ; ಅವರು ಕಂಡದ್ದೂ ಕಿಟಕಿಯ ಹೊರಗಿನಿಂದ, ಅದೂ ಅರ್ಧ. ಉಳಿದರ್ಧವನ್ನು ಪುತ್ತಿಗೆಯಿಂದ ಸೀತಾಂಗೋಳಿಯವರೆಗಿನ ಜನ ಒಬ್ಬೊಬ್ಬರಾಗಿ ತುಂಬಿಕೊಟ್ಟರು. ಸಂಗತಿ ನಿಜವಾಗಿ ನಡೆದದ್ದು ಹೇಗೆಂದು ಬರೆದಿಡುವುದು ಲೇಸು. ನಾನು ಹೋದ ಮೇಲೆ ಈ ಕಥೆಯನ್ನು ತಿದ್ದುವ ಉತ್ಸಾಹ ಯಾರಿಗೂ ಇರುವಂತೆ ಕಾಣುವುದಿಲ್ಲ.

ಮದುವೆಯಾದಾಗ ನನಗೆ ಅರವತ್ತೊಂದು ವರ್ಷ. ಅಷ್ಟು ಕಾಲ ಒಂಟಿಯಾಗಿದ್ದುದಕ್ಕೆ ಜನ ಕಾರಣಗಳನ್ನು ಕಲ್ಪಿಸಿದ್ದರು: ಜಾತಕದ ದೋಷ, ಯೌವನದ ಭಗ್ನಪ್ರೇಮ, ಯಾವುದೋ ಹರಕೆ. ನಿಜ ಇಷ್ಟೆ: ಯಾರೂ ನನ್ನನ್ನು ಕೇಳಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಕಾಸರಗೋಡಿನ ಮುದ್ರಣಾಲಯವೊಂದರಲ್ಲಿ ಅಚ್ಚುಮೊಳೆ ಜೋಡಿಸುವ ಕೆಲಸಕ್ಕೆ ಸೇರಿದವನು ನಾನು. ಮೊಳೆಗಳು ಹೋಗಿ ಕಂಪ್ಯೂಟರು ಬಂದ ಮೇಲೆ ಅಲ್ಲೇ ಕರಡು ತಿದ್ದುವವನಾಗಿ ಉಳಿದೆ. ಓದು ಕಲಿತದ್ದೂ ಅಲ್ಲಿಯೇ, ಓದಿದ್ದನ್ನು ನಂಬದಿರುವುದನ್ನು ಕಲಿತದ್ದೂ ಅಲ್ಲಿಯೇ. ವಾಸ ಸೀತಾಂಗೋಳಿ ಪೇಟೆಯ ಅಂಗಡಿಯೊಂದರ ಮಾಳಿಗೆಯಲ್ಲಿ. ಊಟ ಕೆಳಗಿನ ಹೋಟೆಲಿನಲ್ಲಿ. ಒಲೆ ಎಂಬ ವಸ್ತುವಿಗೂ ನನಗೂ ದೂರದ ನೆಂಟಸ್ತಿಕೆಯೂ ಇರಲಿಲ್ಲ.

ನನ್ನ ಪತ್ನಿ ಹೈಸ್ಕೂಲಿನಲ್ಲಿ ಕನ್ನಡ ಅಧ್ಯಾಪಿಕೆ. ಆಗ ಅವರಿಗೆ ಐವತ್ತೈದು, ನನ್ನ ಹಾಗೆಯೇ ಅವಿವಾಹಿತೆ. ಶಾಲೆಯ ಸ್ಮರಣ ಸಂಚಿಕೆಯ ಕರಡಿನಲ್ಲಿ ಅವರು ತಿದ್ದಿದ್ದನ್ನು ನಾನು ತಿದ್ದಿದೆ. ನಾನು ತಿದ್ದಿದ್ದನ್ನು ಅವರು ಮತ್ತೆ ತಿದ್ದಿ ಕಳುಹಿಸಿದರು. ಸಂಚಿಕೆ ತಡವಾಯಿತು, ಮದುವೆ ನಿಶ್ಚಯವಾಯಿತು. ಇಂದಿಗೂ ನಾವು ಪರಸ್ಪರ ಬಹುವಚನದಲ್ಲಿಯೇ ಮಾತಾಡುತ್ತೇವೆ. ಅದು ಗೌರವವೆಂದು ಕೆಲವರು, ಬಿಗುಮಾನವೆಂದು ಕೆಲವರು ಹೇಳುತ್ತಾರೆ. ಆ ವಯಸ್ಸಿನಲ್ಲಿ ಪರಿಚಯವಾದವರಿಗೆ ಏಕವಚನ ಬಾಯಿಗೆ ಹತ್ತುವುದಿಲ್ಲ, ಅಷ್ಟೆ.

ಪುತ್ತಿಗೆಯಲ್ಲಿ ಅವರೇ ಸಾಲ ತೀರಿಸಿ ನಿಲ್ಲಿಸಿದ ಪುಟ್ಟ ತಾರಸಿ ಮನೆಯಲ್ಲಿ ಅವರೂ ಅವರ ತಾಯಿಯೂ ಇದ್ದರು. ತಾಯಿಯನ್ನು ಬಿಟ್ಟು ಅವರು ನನ್ನ ಮಾಳಿಗೆಗೆ ಬರುವ ಪ್ರಶ್ನೆ ಇರಲಿಲ್ಲವಾದ್ದರಿಂದ ಒಂದು ಟ್ರಂಕು, ಎರಡು ಚೀಲ ಪುಸ್ತಕ ಸಹಿತ ನಾನೇ ಗೃಹಪ್ರವೇಶ ಮಾಡಿದೆ. ಹೊಸ ಸೊಸೆಯಾದವಳು ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬರುತ್ತಾಳೆ. ನನ್ನ ಪಾಲಿಗೆ ಆಟೋದವನು ಟ್ರಂಕನ್ನು ಎಡಗಾಲಿನಿಂದ ಒದ್ದು ಜಗಲಿಗೆ ಸರಿಸಿದ.

ಶಾಲೆ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಅತ್ತೆ ಬಚ್ಚಲಲ್ಲಿ ಜಾರಿ ಮೊಣಕಾಲಿಗೆ ಪೆಟ್ಟುಮಾಡಿಕೊಂಡರು. ಕೋಲು ಹಿಡಿದು ನಡೆಯಬಲ್ಲರು, ಒಲೆಯ ಮುಂದೆ ನಿಲ್ಲಲಾರರು. ಅಲ್ಲಿಯವರೆಗೆ ಮಧ್ಯಾಹ್ನದ ಅಡಿಗೆ ಅವರದೇ. ಅದಕ್ಕೊಂದು ಕ್ರಮವಿತ್ತು: ಮಿಂದು ದೀಪ ಹಚ್ಚಿದ ಮೇಲೆ ಅಡಿಗೆ, ಅಡಿಗೆ ಮೊದಲು ದೇವರಿಗೆ, ಆಮೇಲೆ ಅದು ಬಿಸಿಯಾಗಿರುವಾಗಲೇ ಮನುಷ್ಯರಿಗೆ. ನಸುಕಿನಲ್ಲಿ ಬೇಯಿಸಿಟ್ಟದ್ದು ಅವರ ಲೆಕ್ಕದಲ್ಲಿ ತಂಗಳು. ಅದನ್ನು ಅವರು ಮುಟ್ಟುವುದಿಲ್ಲ. ಮಗಳು ಎಂಟು ಗಂಟೆಯ ಬಸ್ಸಿಗೆ ಹೋಗಬೇಕು.

“ನಾನು ದೀರ್ಘ ರಜೆ ಹಾಕ್ತೇನೆ” ಎಂದರು ನನ್ನ ಪತ್ನಿ. ನಮ್ಮ ಕೇರಳದಲ್ಲಿ ಅಧ್ಯಾಪಕರಿಗೆ ಐವತ್ತಾರಕ್ಕೇ ನಿವೃತ್ತಿ; ಅದು ಅವರ ಕೊನೆಯ ವರ್ಷ. ರಜೆ ಹಾಕಿದರೆ ಮತ್ತೆ ತರಗತಿಗೆ ಹೋಗುವುದು ಇರಲಿಲ್ಲ, ಹಾಗೇ ನಿವೃತ್ತಿ. ಹತ್ತನೆಯ ತರಗತಿಯ ಮಕ್ಕಳನ್ನು ಎಂಟರಿಂದ ಕೈಹಿಡಿದು ತಂದವರು ಅವರು. ನಮ್ಮ ಕಡೆ ಕನ್ನಡ ವಿಭಾಗಕ್ಕೆ ಬದಲಿ ಅಧ್ಯಾಪಕರು ಸಿಗುವುದು ಕಷ್ಟ, ಸಿಕ್ಕಿದವರಿಗೆ ಕನ್ನಡ ಬರುವುದು ಇನ್ನೂ ಕಷ್ಟ. ಇದು ಅವರಿಗೆ ಗೊತ್ತಿತ್ತು. ಆದ್ದರಿಂದಲೇ ಅವರು ಆ ಮಾತನ್ನು ನಮ್ಮಿಬ್ಬರ ಮುಖವನ್ನೂ ನೋಡದೆ ಹೇಳಿದರು.

“ಅಡಿಗೆ ನಾನು ಮಾಡುತ್ತೇನೆ” ಎಂದೆ. ಕರಡು ತಿದ್ದುವುದು ಮನೆಯಲ್ಲಿ ಕುಳಿತೂ ಆಗುವ ಕೆಲಸ.

ಅತ್ತೆ ಕೋಲನ್ನು ಗೋಡೆಗೆ ಒರಗಿಸಿದರು. “ಅಳಿಯಂದಿರಿಗೆ ಅಡಿಗೆ ಬರ್ತದಾ?”

“ಪುಸ್ತಕ ಉಂಟಲ್ಲ, ನೋಡಿ ಮಾಡಿದರಾಯಿತು.”

“ಪುಸ್ತಕ ಬೇಯ್ಲಿಕ್ಕೆ ಎಷ್ಟು ಹೊತ್ತು ಬೇಕು?”

ಆದರೂ ಅವರು ಬೇಡವೆನ್ನಲಿಲ್ಲ. ಒಂದೇ ಕಟ್ಟಳೆ ಹಾಕಿದರು: ರುಚಿ ನೋಡಬಾರದು. ದೇವರಿಗಿಡುವ ಮೊದಲು ನಾಲಿಗೆಗೆ ಮುಟ್ಟಿಸಿದ್ದೆಲ್ಲ ಎಂಜಲು. ಈ ನಿಯಮ ನಾನು ಕೇಳದ್ದೇನಲ್ಲ. ಅದು ದೇವಸ್ಥಾನದ ಅಡಿಗೆಯವರಿಗೆ ಮಾತ್ರ ಎಂದು ತಿಳಿದಿದ್ದೆ. ಗ್ಯಾಸ್ ಒಲೆ, ಮಿಕ್ಸಿಗಳಿರುವ ಮನೆಯಲ್ಲಿಯೂ ಅದು ಜೀವಂತವಾಗಿದೆಯೆಂದು ಊಹಿಸಿರಲಿಲ್ಲ. ಕದ್ದು ರುಚಿ ನೋಡಬಹುದಿತ್ತಲ್ಲ ಎಂದು ಆಮೇಲೆ ಅನೇಕರು ನನಗೆ ಬುದ್ಧಿ ಹೇಳಿದ್ದಾರೆ. ಕದಿಯಬಹುದಿತ್ತು. ಆದರೆ ಬಡಿಸುವಾಗ ಅತ್ತೆ ದಿನವೂ ಕೇಳುತ್ತಿದ್ದರು, “ರುಚಿ ನೋಡ್ಲಿಲ್ಲ ಅಲ್ವಾ?” ಎಂದು. ನಿಯಮ ತಪ್ಪೆಂದು ನನಗೆ ಅನಿಸಿದರೆ ಅದನ್ನು ವಾದಿಸಿ ಮುರಿಯಬೇಕು. ಮುದುಕಿಯೊಬ್ಬರ ಮುಖಕ್ಕೆ ಸುಳ್ಳು ಹೇಳಿ ಮುರಿಯುವುದರಲ್ಲಿ ಏನು ಸ್ವಾರಸ್ಯ?

ಮೊದಲ ಅವಮಾನ ಬೆಳಗಿನ ತಿಂಡಿಯಲ್ಲಿ. ನೀರುದೋಸೆಗೆ ಅಕ್ಕಿ ನೆನೆಹಾಕಬೇಕೆಂದು ಪುಸ್ತಕದಲ್ಲಿತ್ತು. ಯಾವ ಅಕ್ಕಿಯೆಂದು ಹೇಳಬೇಕೆಂದು ಬರೆದವರಿಗೆ ತೋರಿರಲಿಲ್ಲ. ದೋಸೆಗೆ ಬೇಕಾದ ಬೆಳ್ತಿಗೆ ಅಕ್ಕಿಯ ಡಬ್ಬಿ ಮೇಲಿನ ಅಟ್ಟಣಿಗೆಯಲ್ಲಿ, ಕುಚ್ಚಲಕ್ಕಿಯ ಡಬ್ಬಿ ಕೈಗೆಟುಕುವಲ್ಲಿ. ಅನ್ನಕ್ಕೆಂದು ಇಟ್ಟ ಕುಚ್ಚಲಕ್ಕಿಯನ್ನು ನೆನೆಸಿ ರುಬ್ಬಿ ಕಾವಲಿಗೆ ಹೊಯ್ದೆ. ಅದು ಕಾವಲಿಯನ್ನು ಹಿಡಿದುಕೊಂಡ ರೀತಿಯನ್ನು ನೋಡಿದರೆ ಮುದ್ರಣಾಲಯದಲ್ಲಿ ಇಷ್ಟು ಒಳ್ಳೆಯ ಅಂಟು ನಮಗೆ ಯಾಕೆ ಸಿಗಲಿಲ್ಲವೆಂದು ವ್ಯಥೆಯಾಗುತ್ತದೆ. ಕಾಗದ ಕತ್ತರಿಸುವ ಅಲಗಿನಿಂದ ಕೆರೆದು ಕೆರೆದು ತೆಗೆದೆ. ನನ್ನ ಪತ್ನಿ ಎರಡು ಬಾಳೆಹಣ್ಣು ತಿಂದು ಬಸ್ಸಿಗೆ ಹೋದರು.

ಎರಡನೆಯದು ಘೋರ. ಬೇಸಿಗೆಯಲ್ಲಿ ಹಲಸಿನ ಸೊಳೆಗಳನ್ನು ಉಪ್ಪಿನಲ್ಲಿ ಅದುಮಿ ಭರಣಿಯಲ್ಲಿ ಮುಚ್ಚಿಟ್ಟು, ತರಕಾರಿ ಸಿಗದ ಮಳೆಗಾಲದಲ್ಲಿ ತೆಗೆದು ಪಲ್ಯ ಮಾಡುವುದು ಇಲ್ಲಿಯ ಪದ್ಧತಿ. ಉಪ್ಪುಸೊಳೆಯೆನ್ನುತ್ತಾರೆ. ಅದನ್ನು ಹಿಂದಿನ ದಿನವೇ ನೀರಿಗೆ ಹಾಕಿ, ನೀರು ಬದಲಿಸಿ, ಹಿಂಡಿ, ಉಪ್ಪು ಬಿಡಿಸಬೇಕು. ಇದು ಇಲ್ಲಿ ಹುಟ್ಟಿದ ಮಗುವಿಗೂ ಗೊತ್ತಿರುವ ಸಂಗತಿಯಾದ್ದರಿಂದ ಯಾರೂ ನನಗೆ ಹೇಳಲಿಲ್ಲ. ನಾನು ಭರಣಿಯಿಂದ ಬಾಚಿ ತೆಗೆದೆ, ಹಾಗೆಯೇ ಬಾಣಲೆಗೆ ಹಾಕಿದೆ. ಆಮೇಲೆ ಪುಸ್ತಕದಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಎಂದಿದ್ದುದನ್ನು ಓದಿ, ರುಚಿ ನೋಡುವಂತಿಲ್ಲವಾದ್ದರಿಂದ ಅಂದಾಜಿನಲ್ಲಿ ಇನ್ನೊಂದು ಹಿಡಿ ಸೇರಿಸಿದೆ. ದೇವರ ಮುಂದಿಟ್ಟೆ. ದೇವರು ಏನೂ ಹೇಳಲಿಲ್ಲ. ಆತ ಎಂದಾದರೂ ಅಡಿಗೆಯನ್ನು ದೂರಿದ ದಾಖಲೆ ನನಗೆ ಎಲ್ಲಿಯೂ ಸಿಕ್ಕಿಲ್ಲ.

ಅತ್ತೆ ಒಂದು ತುತ್ತು ಬಾಯಿಗಿಟ್ಟವರು ಮೆಲ್ಲಗೆ ಕಣ್ಣುಮುಚ್ಚಿದರು. ಒಂದು ಚೆಂಬು ನೀರು ಪೂರ್ತಿ ಕುಡಿದರು. “ಒಂದು ಸಲ ಮೊಗ್ರಾಲಿನಲ್ಲಿ ಕಡಲಿಗಿಳಿದು ತೆರೆ ಬಾಯಿಗೆ ಹೋಗಿತ್ತು ನನಗೆ. ಅದು ಇದಕ್ಕಿಂತ ಸಪ್ಪೆ.”

ಮರುದಿನ ಹೆದರಿ ಉಪ್ಪೇ ಹಾಕಲಿಲ್ಲ. ಅದರ ಮರುದಿನ, ನಿನ್ನೆಯ ಬಾಕಿಯೂ ಸೇರಿದಂತೆ ಹಾಕಿದೆ. ಹೀಗೆ ಅತ್ತಿತ್ತ ತೂಗಿದ ಕೆಲವು ವಾರಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಕಲಿತೆ: ಬೇಳೆ ಬೇಯುವ ಹದ, ತೆಂಗಿನಕಾಯಿ ನುಣ್ಣಗಾಗುವ ಹೊತ್ತು, ಒಗ್ಗರಣೆಗೆ ಸಾಸಿವೆ ಸಿಡಿಯುವ ಮುನ್ನ ಹಿಂದೆ ಸರಿಯಬೇಕಾದ ದೂರ. ಕಲಿಯಲಾಗದೆ ಉಳಿದದ್ದು ಉಪ್ಪು ಒಂದೇ. ಅಷ್ಟರಲ್ಲಿ ಅತ್ತೆ ನನ್ನ ಅಡಿಗೆಯನ್ನು ಬಿಟ್ಟಿದ್ದರು. ಜಗಳವಿಲ್ಲ, ದೂರಿಲ್ಲ, ಎರಡು ಚಮಚ ಅನ್ನಕ್ಕೆ ಮಜ್ಜಿಗೆ ಹಾಕಿ ಕಲಸಿ, “ನನಗೆ ಹಸಿವಿಲ್ಲ” ಎನ್ನುತ್ತಿದ್ದರು. ಬಳೆಗಳು ಮಣಿಕಟ್ಟಿನಿಂದ ಮೊಣಕೈವರೆಗೆ ಜಾರತೊಡಗಿದವು. ಮಗಳು ಸಂಜೆ ಬಂದು ಮೊದಲು ನೋಡುತ್ತಿದ್ದುದು ಆ ಬಳೆಗಳನ್ನು.

ನಾನು ಅತ್ತೆಯನ್ನೇ ಕೇಳಿದೆ: “ರುಚಿ ನೋಡದೆ ಉಪ್ಪು ಸರಿಯುಂಟೆಂದು ನಿಮಗೆ ಹೇಗೆ ತಿಳಿಯುತ್ತಿತ್ತು?”

“ವಾಸನೆ ಬರ್ತದಲ್ಲ.”

“ಉಪ್ಪಿನ ವಾಸನೆಯಾ?”

“ಕುದಿಯುವಾಗ ಬರ್ತದೆ. ಉಪ್ಪು ಕಡಿಮೆಯಿದ್ದರೆ ಒಂದು ವಾಸನೆ, ಸರಿಯಿದ್ದರೆ ಒಂದು ವಾಸನೆ. ನಮ್ಮಮ್ಮನಿಗೂ ಗೊತ್ತಾಗ್ತಿತ್ತು.”

ನೆಂಟರನ್ನು ಕೇಳಿದೆ. ಎಲ್ಲರೂ ಇದೇ ಮಾತನ್ನು ಹೇಳಿದರು. ಒಬ್ಬರಾದರೂ ಅದು ತಮಗೇ ತಿಳಿಯುತ್ತದೆನ್ನಲಿಲ್ಲ. ತಿಳಿಯುತ್ತಿದ್ದುದು ಯಾವಾಗಲೂ ಅಮ್ಮನಿಗೆ, ಅಜ್ಜಿಗೆ, ತೀರಿಹೋದ ದೊಡ್ಡತ್ತೆಗೆ. ಸಾಕ್ಷಿಗಳೆಲ್ಲ ತೀರಿಕೊಂಡಿರುವ ಇಂಥ ಹೇಳಿಕೆಗಳನ್ನು ಕಂಡರೆ ನನ್ನ ಕೈ ತಾನಾಗಿ ಕೆಂಪು ಶಾಯಿಗೆ ಹೋಗುತ್ತದೆ. ಆದ್ದರಿಂದ ಪರೀಕ್ಷೆಗಿಳಿದೆ. ಎರಡು ಪಾತ್ರೆ ಸಾಂಬಾರು ಮಾಡಿದೆ. ಒಂದಕ್ಕೆ ಉಪ್ಪು ಹಾಕಿದೆ, ಒಂದಕ್ಕಿಲ್ಲ. ಎರಡೂ ಕುದಿಯುವಾಗ ಒಂದಾದ ಮೇಲೊಂದಕ್ಕೆ ಮೂಗು ಒಡ್ಡಿದೆ. ಇಂಗಿನ ವಾಸನೆ ಬಂತು, ಕೊತ್ತಂಬರಿಯದು ಬಂತು, ಕೊನೆಗೆ ಸುಟ್ಟ ಮೀಸೆಯದೂ ಬಂತು. ಉಪ್ಪಿನದು ಮಾತ್ರ ಬರಲಿಲ್ಲ. ಕಿಟಕಿಯಲ್ಲಿ ನೆರೆಮನೆಯ ಅಕ್ಕನ ಮುಖ ಕಾಣಿಸಿಕೊಂಡದ್ದು ಆಗ.

“ಎಂತ ಮಾರಾಯ್ರೆ, ಶೀತವಾ? ಆವಿ ತೆಗೊಳ್ಳುದಾದ್ರೆ ತಲೆಗೆ ಬೈರಾಸು ಹಾಕಿಕೊಳ್ಬೇಕು!”

ಉತ್ತರ ಹೇಳಲು ನಾನು ತಲೆಯೆತ್ತುವಷ್ಟರಲ್ಲಿ ಅವರು ಹೋಗಿಯಾಗಿತ್ತು. ಕಥೆಯ ಉಗಮ ಇಷ್ಟೆ. ನನಗೆ ಶೀತವಿರಲಿಲ್ಲವೆಂಬುದನ್ನು ಇಲ್ಲಿ ಸ್ಪಷ್ಟಪಡಿಸಿದ್ದೇನೆ.

ಆ ಶನಿವಾರ ನನ್ನ ಪತ್ನಿ ನಿರ್ಧಾರ ಹೇಳಿದರು. “ಸೋಮವಾರ ಮುಖ್ಯೋಪಾಧ್ಯಾಯರ ಹತ್ತಿರ ರಜೆಯ ವಿಷಯ ಮಾತಾಡ್ತೇನೆ. ನೀವು ಬೇಸರ ಮಾಡ್ಬೇಡಿ. ಅಮ್ಮ ಖಾಲಿ ಹೊಟ್ಟೆಗೆ ಗುಳಿಗೆ ನುಂಗ್ತಾ ಇದ್ದಾರೆ. ನನಗೆ ಪಾಠ ಮಾಡುವಾಗಲೂ ಅದೇ ಕಣ್ಣೆದುರು ಬರ್ತದೆ.”

ಭಾನುವಾರ ಕುಂಬಳೆಯಲ್ಲಿ ಅವರ ನೆಂಟರೊಬ್ಬರ ಮದುವೆ. ನೆರೆಮನೆಯ ಅಕ್ಕನನ್ನು ಅತ್ತೆಯ ಜೊತೆಗಿರಿಸಿ ಇಬ್ಬರೂ ಹೋದೆವು. ಊಟದ ಪಂಕ್ತಿಯಲ್ಲಿ ನನ್ನ ಪಕ್ಕಕ್ಕೆ ಪತ್ನಿಯ ಸೋದರಮಾವ ಕುಳಿತರು. ಎಲೆಗೆ ನೀರು ಚಿಮುಕಿಸಿದ್ದಾಯಿತು. ಬಡಿಸುವವನೊಬ್ಬ ಪಂಕ್ತಿಯುದ್ದಕ್ಕೂ ಓಡುತ್ತಾ ಪ್ರತಿ ಎಲೆಯ ತುದಿಗೂ ಒಂದು ಚಿಟಿಕೆ ಹಾಕಿಕೊಂಡು ಹೋದ. ಉಪ್ಪು. ಎಲ್ಲಕ್ಕಿಂತ ಮೊದಲು ಉಪ್ಪು. ಜೀವಮಾನವಿಡೀ ಎಷ್ಟೋ ಎಲೆಗಳಲ್ಲಿ ನೋಡಿದ್ದನ್ನು ನಾನು ಅಂದು ಮೊದಲ ಬಾರಿಗೆ ಕಂಡೆ.

“ಮಾವ, ಉಪ್ಪು ಯಾಕೆ ಮೊದಲು ಬಡಿಸುವುದು?”

“ಶಾಸ್ತ್ರ.”

“ಯಾವ ಶಾಸ್ತ್ರದಲ್ಲಿ ಉಂಟು?”

“ಎಲ್ಲಿಯಾದರೂ ಇದ್ದೀತು. ಪಾಯಸ ಬರುವವರೆಗೆ ಸುಮ್ಮನೆ ಉಣ್ಣಿ ಮಾರಾಯ್ರೆ.”

ಉಣ್ಣುತ್ತಾ ಯೋಚಿಸಿದೆ. ಅಡಿಗೆಯವನಿಗೆ ವಾಸನೆಯಿಂದಲೇ ಉಪ್ಪು ತಿಳಿಯುವುದಾದರೆ ಎಲೆಯ ಮೇಲೆ ಉಪ್ಪು ಯಾಕೆ ಬೇಕು? ರುಚಿ ನೋಡುವಂತಿಲ್ಲವೆಂಬ ನಿಯಮ ಮಾಡಿದವರಿಗೆ ಅದರ ಪರಿಣಾಮವೂ ತಿಳಿದಿತ್ತು. ಅವರು ಪಾತ್ರೆಗೆ ಕೈ ಬಿಗಿಹಿಡಿದು ಕಡಿಮೆ ಹಾಕಿ, ಉಳಿದದ್ದನ್ನು ಉಣ್ಣುವವನ ಬೆರಳಿಗೆ ಬಿಟ್ಟರು. ಆ ಚಿಟಿಕೆ ಅಡಿಗೆಯವರ ಕ್ಷಮಾಯಾಚನೆ. ಜನ ಅದನ್ನು ಶಾಸ್ತ್ರವೆಂದು ಕರೆದು ಗೌರವ ಉಳಿಸಿಕೊಟ್ಟಿದ್ದಾರೆ. ಇದು ನನ್ನ ಊಹೆ. ಇದಕ್ಕಿಂತ ಒಳ್ಳೆಯ ಊಹೆಯನ್ನು ಯಾರೂ ನನಗೆ ಇದುವರೆಗೆ ತಂದುಕೊಟ್ಟಿಲ್ಲ.

ಮರಳುವ ಬಸ್ಸಿನಲ್ಲಿ ಪತ್ನಿಯನ್ನು ಕೇಳಿದೆ: “ನಿಮ್ಮ ತಂದೆಯವರು ಮನೆಯಲ್ಲಿ ಉಣ್ಣುವಾಗ ಎಲೆಗೆ ಉಪ್ಪು ಹಾಕಿಸಿಕೊಳ್ಳುತ್ತಿದ್ದರೇ?”

ಅವರು ಕಿಟಕಿಯ ಕಡೆ ತಿರುಗಿ ನಕ್ಕರು; ಆ ದಿನಗಳಲ್ಲಿ ಅಪರೂಪವಾಗಿದ್ದ ನಗು. “ದಿನವೂ. ಅಮ್ಮನ ಹುಳಿ ಯಾವಾಗಲೂ ಸ್ವಲ್ಪ ಸಪ್ಪೆ. ಅಪ್ಪ ಮಾತಾಡದೆ ಬೆರಳಿನಲ್ಲಿ ಉಪ್ಪು ತೆಗೆದು ಕಲಸಿಕೊಳ್ತಿದ್ದರು. ದೇವರಿಗಿಟ್ಟದ್ದನ್ನು ದೂರಬಾರದಲ್ಲ, ಹಾಗಾಗಿ ಒಬ್ಬರೂ ಏನೂ ಹೇಳ್ತಿರಲಿಲ್ಲ. ಅಪ್ಪ ಹೋದ ಮೇಲೆ ನಾವಿಬ್ಬರೂ ಎಲೆ ಬಿಟ್ಟು ಬಟ್ಟಲಿನಲ್ಲಿ ಉಣ್ಲಿಕ್ಕೆ ಶುರುಮಾಡಿದ್ದು.” ನನ್ನ ಕಡೆ ತಿರುಗಿ ಸೇರಿಸಿದರು: “ಇದನ್ನು ಅಮ್ಮನ ಹತ್ತಿರ ಹೇಳ್ಬೇಡಿ.”

ಸೋಮವಾರ ಬೆಳಗ್ಗೆ ಅವರು ಕೊಡೆ ತೆಗೆದುಕೊಳ್ಳುವಾಗ ಹೇಳಿದೆ: “ಇವತ್ತೊಂದು ದಿನ ಮಾತಾಡಬೇಡಿ.”

“ಇವತ್ತೊಂದು ದಿನ” ಎಂದರು. ಅದರಲ್ಲಿ ನಂಬಿಕೆಯಿರಲಿಲ್ಲ, ದಾಕ್ಷಿಣ್ಯವಿತ್ತು.

ಸೌತೆಕಾಯಿ ಹುಳಿ ಮಾಡಿದೆ. ಉಪ್ಪನ್ನು ಬೇಕೆಂದೇ ಕಡಿಮೆ ಹಾಕಿದೆ. ಹಿತ್ತಿಲಿನಿಂದ ಬಾಳೆಲೆ ಕೊಯ್ದು ತಂದು ತೊಳೆದು ಅತ್ತೆಯ ಮೇಜಿನ ಮೇಲೆ ಹಾಸಿ, ತುದಿಯಲ್ಲಿ ಒಂದು ಚಿಟಿಕೆ ಉಪ್ಪಿಟ್ಟೆ. ಅನ್ನ, ಹುಳಿ ಬಡಿಸಿದೆ.

ಅತ್ತೆ ಕುಳಿತು ನೋಡಿದರು. “ಇದೆಂತ, ಯಾರ ಮದುವೆ ಇಲ್ಲಿ?”

“ಹುಳಿಗೆ ಉಪ್ಪು ಕಡಿಮೆ ಹಾಕಿದ್ದೇನೆ. ಬೇಕಾದಷ್ಟು ನೀವು ಕಲಸಿಕೊಳ್ಳಬಹುದು.” ಇಲ್ಲಿಗೆ ನಿಲ್ಲಿಸಬೇಕಿತ್ತು. “ಮಾವನವರೂ ಹಾಗೆಯೇ ಮಾಡುತ್ತಿದ್ದರಂತೆ” ಎಂದೂ ಹೇಳಿಬಿಟ್ಟೆ.

ಅತ್ತೆಯ ಕೈ ಎಲೆಯ ಮೇಲೆಯೇ ನಿಂತಿತು. ಎಲ್ಲವೂ ಮುಗಿಯಿತೆಂದುಕೊಂಡೆ, ರಜೆ, ನಿವೃತ್ತಿ, ಮಕ್ಕಳು, ಎಲ್ಲ.

“ಅವಳು ಹೇಳಿದ್ದಾ?”

ನಾನು ಹುಳಿಯ ಪಾತ್ರೆಯ ಮುಚ್ಚಳವನ್ನು ಸರಿಮಾಡಿದೆ.

“ಅವರ ನಾಲಿಗೆಗೆ ಉಪ್ಪು ಜಾಸ್ತಿ ಬೇಕಿತ್ತು. ಅದಕ್ಕೆ ನಾನೆಂತ ಮಾಡ್ಲಿಕ್ಕುಂಟು? ನನ್ನ ಹುಳಿಗೆ ಉಪ್ಪು ಸರಿ ಇರ್ತಿತ್ತು.”

“ಸರಿಯಿತ್ತೆಂದು ನಿಮಗೆ ಹೇಗೆ ಗೊತ್ತು?”

“ಆಗಲೇ ಹೇಳಿದ್ದೇನಲ್ಲ, ವಾಸನೆ!”

“ಉಪ್ಪಿಗೆ ವಾಸನೆ ಇಲ್ಲ ಅತ್ತೆ. ನಾನು ಮೀಸೆ ಸುಟ್ಟುಕೊಂಡು ನೋಡಿದ್ದೇನೆ.”

“ಹೋಟೆಲಿನಲ್ಲಿ ಉಂಡು ಉಂಡು ಸತ್ತುಹೋದ ಮೂಗು ನಿಮ್ಮದು. ಅದಕ್ಕೆ ಎಂತ ಬರ್ತದೆ?” ಅವರು ಎಲೆಯ ಮೇಲೆ ಬಗ್ಗಿ ಮೂಗೆಳೆದರು. “ಇದಕ್ಕೆ ಇಷ್ಟು ಕಡಿಮೆ ಉಂಟು, ನೋಡಿ.” ಎರಡು ಬೆರಳಿನಲ್ಲಿ ಉಪ್ಪೆತ್ತಿ ನನಗೆ ತೋರಿಸಿ, ಅನ್ನಕ್ಕೆ ಹಾಕಿ, ಹುಳಿ ಸೇರಿಸಿ ಕಲಸಿದರು. ಒಂದು ತುತ್ತು ಉಂಡರು. “ಈಗ ಸರಿ. ನಾನು ಹೇಳಿದ ಲೆಕ್ಕಕ್ಕೇ ಬಂತು.”

“ನೀವೇ ಹಾಕಿ, ನೀವೇ ಸರಿಯೆಂದರೆ ಅದು ಪುರಾವೆಯಾಗುವುದಿಲ್ಲ.”

“ಮತ್ತೆ ಯಾರು ಹೇಳ್ಬೇಕು? ದೇವರನ್ನು ಕರೀಬೇಕಾ?” ಇನ್ನೊಂದು ತುತ್ತು. “ಪುರಾವೆಯಂತೆ! ನಮ್ಮಮ್ಮ ಹೆಬ್ಬಾಗಿಲಲ್ಲಿ ನಿಂತು ಒಳಗಿನ ಪಾತ್ರೆಗೆ ಉಪ್ಪು ಸಾಲದು ಅಂತ ಹೇಳ್ತಿದ್ದರು.”

“ಕೇಳಿದವರು ಯಾರಾದರೂ ಈಗ ಇದ್ದಾರಾ?”

“ನಾನಿಲ್ವಾ? ನಾನು ಕೇಳಿದ್ದು ಸಾಲದಾ?” ಮತ್ತೊಂದು. “ಇವರೊಬ್ಬರು ನೋಡಿದ್ದು ಮಾತ್ರ ನಿಜ, ಊರಿಗೆ ಊರೇ ಸುಳ್ಳು.” ಅವರ ಮುಖ ಕೆಂಪೇರಿತ್ತು, ಧ್ವನಿ ಏರಿತ್ತು, ಬೆರಳುಗಳು ಮಾತಿನ ವೇಗಕ್ಕೆ ಕಲಸುತ್ತಿದ್ದವು. ನನಗೂ ಬಿಸಿಯೇರಿತ್ತು. ಆ ಕ್ಷಣ ನನ್ನ ಮನಸ್ಸಿನಲ್ಲಿ ಅವರ ಆರೋಗ್ಯದ ಚಿಂತೆಯೇನೂ ಇರಲಿಲ್ಲ. ವಾದದಲ್ಲಿ ಸೋಲಬಾರದೆಂಬುದೊಂದೇ ಇತ್ತು. ಮುಂದಿನ ಆಕ್ಷೇಪವನ್ನು ಅಣಿಮಾಡಿಕೊಳ್ಳುತ್ತಿದ್ದಾಗ ಅವರು ಎಲೆಯನ್ನು ತಟ್ಟಿದರು.

“ಎಂತ ನೋಡ್ತಾ ನಿಂತದ್ದು? ಇನ್ನು ಸ್ವಲ್ಪ ಅನ್ನ ಹಾಕಿ. ಹುಳಿಯೂ ಹಾಕಿ. ನಿಮ್ಮ ಹತ್ತಿರ ಮಾತಾಡ್ಲಿಕ್ಕೆ ಹೊಟ್ಟೆಗೆ ಗಟ್ಟಿ ಬೇಕು.”

ಬಡಿಸಿದೆ. ಬಡಿಸುತ್ತಿರುವಾಗಲೇ ಏನಾಗಿದೆಯೆಂಬುದು ತಿಳಿದು, ಸಿದ್ಧವಾಗಿದ್ದ ಆಕ್ಷೇಪವನ್ನು ನುಂಗಿಕೊಂಡೆ. ನುಂಗಿದ್ದು ಕಷ್ಟದಿಂದ, ಅದು ಒಳ್ಳೆಯ ಆಕ್ಷೇಪವಾಗಿತ್ತು.

ಸಂಜೆ ಮಳೆಯಲ್ಲಿ ಬಂದ ಪತ್ನಿ ಮೆಟ್ಟಿಲಲ್ಲಿ ಕೊಡೆ ಕೊಡಹುತ್ತಾ ಸಣ್ಣ ದನಿಯಲ್ಲಿ ಕೇಳಿದರು, “ಅಮ್ಮ ಉಂಡರಾ?”

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು. “ಉಂಡೆ. ಉಪ್ಪು ಸಾಲದಿತ್ತು. ನಾಳೆ ಒಲೆಯ ಹತ್ತಿರ ನನಗೊಂದು ಕುರ್ಚಿ ಹಾಕಿ ಹೋಗು. ಇವರಿಗೆ ವಾಸನೆ ನೋಡ್ಲಿಕ್ಕೆ ಕಲಿಸದೆ ಆಗುದಿಲ್ಲ. ಒಂದು ವರ್ಷವಾದರೂ ಬೇಕು, ಅಷ್ಟು ಗಟ್ಟಿ ತಲೆ.”

ಪತ್ನಿ ನನ್ನನ್ನು ನೋಡಿದರು. “ಎಂತ ಹೇಳಿದಿರಿ ನೀವು?”

“ಉಪ್ಪಿಗೆ ವಾಸನೆ ಇಲ್ಲವೆಂದೆ.”

ರಜೆಯ ಮಾತನ್ನು ಅವರು ಮತ್ತೆ ಎತ್ತಲಿಲ್ಲ. ಒದ್ದೆ ಸೀರೆಯಲ್ಲಿಯೇ ಜಗಲಿಯಲ್ಲಿ ಕುಳಿತು, ಚೀಲದಿಂದ ಹತ್ತನೆಯ ತರಗತಿಯ ಮಕ್ಕಳ ಪ್ರಬಂಧಗಳ ಕಟ್ಟನ್ನು ತೆಗೆದು, ತಿದ್ದಲು ಶುರುಮಾಡಿದರು.